ಹೆಗಲಿಗೆ ತಾಗದ ಭಾರಕ್ಕೆ ಅಂಕ ಯಾಕೆ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬಲಶಾಲಿಗಳ ಪಟ್ಟಿ ಓದಿದೆ. ಕಾಮಿಕ್ಸ್, ಅನಿಮೇಷನ್, ಕಥೆಗಳ ವೀರರಿಗೆಲ್ಲ ಅಂಕ ಕೊಟ್ಟು ಸಾಲಾಗಿ ನಿಲ್ಲಿಸಿದ್ದೀರಿ. ಇಂಥ ಪಟ್ಟಿ ನನಗೆ ಇಷ್ಟ. ಈ ವಯಸ್ಸಿನಲ್ಲಿ ಇದೇನು ಹುಡುಗಾಟ ಅಂತ ಮೂಗು ಮುರಿಯುವವರು ಮುರಿಯಲಿ. ನನ್ನ ತಕರಾರು ಇರುವುದು ಮೊದಲನೇ ಸ್ಥಾನದ ಬಗ್ಗೆ, ಮತ್ತು ಅದೇ ಕಥೆಯಿಂದ ಬಂದು ಆರನೇ ಸ್ಥಾನದಲ್ಲಿ ಕೂತಿರುವ ಹುಡುಗಿಯ ಬಗ್ಗೆ.

ಪಟ್ಟಿ ನೋಡದವರಿಗೆ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಒಂದು ಗ್ರಹ. ಹೊರಗಿನಿಂದ ನಮ್ಮ ಭೂಮಿಯಷ್ಟೇ ದೊಡ್ಡದು. ಅದರ ಹೊಟ್ಟೆಯೊಳಗೆ ಬೇರೊಂದು ಲೋಕವಿದೆ. ಆ ಲೋಕಕ್ಕೆ ಅದರದೇ ಆಕಾಶ, ಅದರದೇ ನಕ್ಷತ್ರಗಳು, ಒಂದು ಇಡೀ ಗ್ಯಾಲಕ್ಸಿ. ಗ್ರಹ ಇನ್ನೇನು ಅಪಘಾತಕ್ಕೆ ಸಿಕ್ಕಬೇಕು ಅನ್ನುವಾಗ ನಮ್ಮ ವೀರ ಹೆಗಲು ಕೊಟ್ಟು ಅದನ್ನು ದಾರಿಯಿಂದ ಆಚೆ ಸರಿಸುತ್ತಾನೆ. ಪಟ್ಟಿ ಮಾಡಿದವರ ವಾದ ಇಷ್ಟು: ಒಳಗೆ ಗ್ಯಾಲಕ್ಸಿ ಇರುವ ಗ್ರಹವನ್ನು ಸರಿಸಿದವನು ಗ್ಯಾಲಕ್ಸಿಯನ್ನೇ ಸರಿಸಿದ ಹಾಗೆ. ಹಾಗಾಗಿ ನೂರಕ್ಕೆ ನೂರು.

ನಾನು ಇದನ್ನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಲು ನನ್ನ ಕಸುಬಿನ ಮಾತು ಸ್ವಲ್ಪ ಆಡಬೇಕು.

ನಾನು ತೂಕ-ಅಳತೆ ಪರೀಕ್ಷೆಯ ಕೆಲಸ ಮಾಡಿ ನಿವೃತ್ತನಾದವನು. ಲಾರಿ ತೂಗುವ ವೇಬ್ರಿಜ್ ಸರಿಯಾಗಿ ತೋರಿಸುತ್ತಿದೆಯೇ ಅಂತ ನೋಡಿ ಮುದ್ರೆ ಹಾಕುತ್ತಿದ್ದೆ. ವೇಬ್ರಿಜ್ ನೋಡುವುದಕ್ಕೆ ದೊಡ್ಡದು, ಒಳಗಿನ ಕೆಲಸ ಬಹಳ ಸಣ್ಣದು. ಉಕ್ಕಿನ ಹಲಗೆ, ಅದರ ಕೆಳಗೆ ಲೋಡ್ ಸೆಲ್‌ಗಳು. ಲೋಡ್ ಸೆಲ್ ಅಂದರೆ ಒಂದು ಲೋಹದ ತುಂಡು, ಅದಕ್ಕೆ ಅಂಟಿಸಿದ ತೆಳ್ಳನೆ ಪಟ್ಟಿ. ಲಾರಿ ಬಂದು ನಿಂತಾಗ ಲೋಹ ಕಣ್ಣಿಗೆ ಕಾಣದಷ್ಟು ಅಮುಕಿಕೊಳ್ಳುತ್ತದೆ. ಪಟ್ಟಿಯಲ್ಲಿ ಕರೆಂಟು ಹರಿಯುವುದು ಒಂಚೂರು ಬದಲಾಗುತ್ತದೆ. ಆ ಒಂಚೂರೇ ಪರದೆ ಮೇಲೆ ಟನ್ನುಗಳ ಅಂಕಿಯಾಗಿ ಬರುತ್ತದೆ.

ಲಾರಿಯೊಳಗೆ ಏನಿದೆ ಅಂತ ವೇಬ್ರಿಜ್ ಕೇಳುವುದಿಲ್ಲ. ಹತ್ತಿಯೋ ಕಬ್ಬಿಣವೋ ಅದಕ್ಕೆ ಬೇಕಾಗಿಲ್ಲ. ಡ್ರೈವರ್ ಕೆಳಗೆ ಇಳಿದನೋ ಇಲ್ಲವೋ ಅನ್ನುವುದು ಮಾತ್ರ ಗೊತ್ತಾಗುತ್ತದೆ, ಯಾಕೆಂದರೆ ಅವನ ಭಾರ ಹಲಗೆ ಮೇಲೆ ಬೀಳುತ್ತದೆ. ಹಿಂದಿನ ಚಕ್ರ ಹಲಗೆಯ ಆಚೆ ನಿಂತಿದ್ದರೆ ಅಷ್ಟು ತೂಕ ಮಾಯ. ಲಾರಿ ಅದೇ, ಸರಕು ಅದೇ, ಚೀಟಿ ಮಾತ್ರ ಬೇರೆ. ಮುಚ್ಚಿದ ಲಾರಿಯೊಳಗೆ ಹಕ್ಕಿಗಳು ಕೂರದೆ ಹಾರುತ್ತಾ ಇದ್ದರೆ ತೂಕ ಕಡಿಮೆ ಆಗುತ್ತಾ ಅಂತ ಹುಡುಗರು ಕೇಳುವುದುಂಟು. ಆಗುವುದಿಲ್ಲ. ರೆಕ್ಕೆ ಬಡಿತ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ಲಾರಿಯ ತಳವನ್ನು ತಳ್ಳುತ್ತದೆ, ತಳ ಹಲಗೆಯನ್ನು. ಕೊಂಡಿ ಎಲ್ಲೂ ಕಡಿದಿಲ್ಲ. ಕೊಂಡಿ ಇದ್ದರೆ ಹಾರುವ ಹಕ್ಕಿಯೂ ತೂಗುತ್ತದೆ. ಕೊಂಡಿ ಇಲ್ಲದಿದ್ದರೆ ನಿಂತ ಚಕ್ರವೂ ತೂಗುವುದಿಲ್ಲ.

ವೀರನ ಹೆಗಲನ್ನೂ ಹೀಗೇ ನೋಡಬೇಕು. ಗ್ರಹದೊಳಗೆ ಗ್ಯಾಲಕ್ಸಿ ‘ಇದೆ’ ಅಂದರೆ ಸಾಲದು. ಅದರ ಭಾರ ಅವನ ಹೆಗಲಿಗೆ ತಾಗಿತೇ? ಈ ಪ್ರಶ್ನೆಗೆ ಕಥೆಯೇ ಉತ್ತರ ಕೊಡುತ್ತದೆ. ಪಟ್ಟಿ ಮಾಡಿದವರು ಅದನ್ನು ಓದಿಲ್ಲ, ಅಥವಾ ಓದಿ ಬಿಟ್ಟಿದ್ದಾರೆ.

ಗ್ರಹದ ಮೇಲೆ ಜನ ಓಡಾಡುತ್ತಾರೆ. ಮಕ್ಕಳು ಚೆಂಡು ಎಸೆದರೆ ಅದು ಮೇಲೆ ಹೋಗಿ, ನಿಧಾನಕ್ಕೆ ಬಾಗಿ, ಕೆಳಗೆ ಬೀಳುತ್ತದೆ. ರಾತ್ರಿ ಒಂದು ಚಂದ್ರ ಬರುತ್ತಾನೆ, ತಿಂಗಳಿಗೊಮ್ಮೆ ತುಂಬುತ್ತಾನೆ. ಚಿತ್ರಕಾರ ಇದನ್ನೆಲ್ಲ ಸುಮ್ನೆ ಬರೆದಿರಬಹುದು. ಆದರೆ ನನಗೆ ಆ ಚಂದ್ರನೇ ತೂಕದ ಚೀಟಿ. ಗ್ರಹ ಎಷ್ಟು ಭಾರ ಅನ್ನುವುದನ್ನು ಅದರ ಸುತ್ತ ಚಂದ್ರ ಎಷ್ಟು ದೂರದಲ್ಲಿ, ಎಷ್ಟು ದಿನಕ್ಕೆ ಸುತ್ತುತ್ತಾನೆ ಅನ್ನುವುದೇ ಹೇಳಿಬಿಡುತ್ತದೆ. ನ್ಯೂಟನ್ ಕಾಲದಿಂದ ಈ ಲೆಕ್ಕ ಬದಲಾಗಿಲ್ಲ. ನಮ್ಮ ಚಂದ್ರ ಭೂಮಿಯನ್ನು ಒಂದು ಸುತ್ತು ಹಾಕಲು 27.3 ದಿನ. ಈಗ ಗ್ಯಾಲಕ್ಸಿ ಬೇಡ, ಭೂಮಿಯ ಹೊಟ್ಟೆಯಲ್ಲಿ ಒಂದೇ ಒಂದು ಸೂರ್ಯ ಇದ್ದಾನೆ, ಅವನ ಭಾರ ಹೊರಗೂ ತಾಗುತ್ತದೆ ಅಂದುಕೊಳ್ಳಿ. ಸೂರ್ಯ ಅಂದರೆ ಸುಮಾರು 3 ಲಕ್ಷ 33 ಸಾವಿರ ಭೂಮಿ. ಅದೇ ದೂರದಲ್ಲಿ ಸುತ್ತುವ ಚಂದ್ರ ಒಂದು ಗಂಟೆ ಚಿಲ್ಲರೆಯಲ್ಲಿ ಒಂದು ಸುತ್ತು ಮುಗಿಸಬೇಕು. ಒಂದು ಸಿನಿಮಾ ಮುಗಿಯುವಷ್ಟರಲ್ಲಿ ಎರಡು ಹುಣ್ಣಿಮೆ! ನೆಲದ ಮೇಲೆ ನಿಂತ 60 ಕೆ.ಜಿ. ಮನುಷ್ಯನ ತೂಕ 2 ಕೋಟಿ ಕೆ.ಜಿ. ಆಗುತ್ತದೆ. ನಿಂತ ಅನ್ನುವುದು ಮಾತಿಗೆ, ನಿಲ್ಲುವುದಕ್ಕೆ ಅವನೇ ಇರುವುದಿಲ್ಲ.

ಇನ್ನೂ ಸ್ವಲ್ಪ ಮುಂದೆ ಹೋಗೋಣ. ಒಂದು ಸೂರ್ಯನನ್ನು ಅದುಮಿ ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಮಾಡಿದರೆ ಅದರ ತ್ರಿಜ್ಯ ಸುಮಾರು 3 ಕಿ.ಮೀ. ಭಾರ ಎಷ್ಟು ಪಟ್ಟು ಹೆಚ್ಚಿದರೆ ತ್ರಿಜ್ಯವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಭೂಮಿಯ ತ್ರಿಜ್ಯ 6,371 ಕಿ.ಮೀ. ಅಂದರೆ ಎರಡು ಸಾವಿರದ ಇನ್ನೂರು ಸೂರ್ಯರ ಭಾರ ಒಳಗೆ ಸೇರಿದರೆ ಸಾಕು, ಗ್ರಹ ಕಪ್ಪುಕುಳಿಯೇ ಆಗಿಬಿಡುತ್ತದೆ. ಗ್ಯಾಲಕ್ಸಿ ಅಂದರೆ ಸಾವಿರದ ಲೆಕ್ಕವಲ್ಲ, ನಕ್ಷತ್ರಗಳೇ ಸಾವಿರಾರು ಕೋಟಿ. ಆಮೇಲೆ ಗ್ರಹವೂ ಇಲ್ಲ, ಚೆಂಡೂ ಇಲ್ಲ, ಹೆಗಲು ಕೊಡಲು ಜಾಗವೂ ಇಲ್ಲ. ಕಥೆಯಲ್ಲಿ ಇವೆಲ್ಲ ಇವೆ. ಒಳಗಿನ ಭಾರ ಹೊರಗೆ ತಾಗುತ್ತಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಕಥೆಗೆ ವಿಜ್ಞಾನದ ಲೆಕ್ಕ ಯಾಕೆ ಅಂತ ಯಾರಾದರೂ ಕೇಳಬಹುದು. ಪಟ್ಟಿ ಮಾಡಿದವರೇ ಮೊದಲು ಶುರು ಮಾಡಿದ್ದು, ಗ್ಯಾಲಕ್ಸಿ ಅಂತ ಅಳತೆ ತಂದವರು ಅವರು. ಅಳತೆ ತಂದ ಮೇಲೆ ಪೂರ್ತಿ ಅಳೆಯಬೇಕು. ಬೇಕಾದ ಕಡೆ ಟೇಪು ಹಿಡಿದು, ಬೇಡವಾದ ಕಡೆ ‘ಕಥೆ ಅಲ್ವಾ’ ಅಂದರೆ ಆಗುವುದಿಲ್ಲ.

ಹೊರಗೆ ನಿಂತು ಗ್ರಹವನ್ನು ತೂಗುವುದು ಕಲ್ಪನೆಯಲ್ಲ. ನಮ್ಮ ಭೂಮಿಯನ್ನೇ ಹಾಗೆ ತೂಗಿದ್ದಾರೆ. 1692ರಲ್ಲಿ ಎಡ್ಮಂಡ್ ಹ್ಯಾಲಿ, ಅದೇ ಧೂಮಕೇತುವಿನ ಹ್ಯಾಲಿ, ಭೂಮಿ ಒಳಗೆ ಟೊಳ್ಳು ಅಂದ. 500 ಮೈಲಿ ದಪ್ಪದ ಚಿಪ್ಪು, ಅದರೊಳಗೆ ಬೇರೆ ಗೋಳಗಳು, ಅಲ್ಲಿ ಬೆಳಕೂ ಇರಬಹುದು, ಜೀವಿಗಳೂ ಇರಬಹುದು ಅಂತ ಬರೆದ. ದಿಕ್ಸೂಚಿ ವರ್ಷದಿಂದ ವರ್ಷಕ್ಕೆ ಯಾಕೆ ಜರುಗುತ್ತದೆ ಅನ್ನುವುದಕ್ಕೆ ಅವನು ಹುಡುಕಿದ ಕಾರಣ ಅದು. ನೂರು ವರ್ಷ ಕಳೆದ ಮೇಲೆ, 1798ರಲ್ಲಿ, ಹೆನ್ರಿ ಕ್ಯಾವೆಂಡಿಷ್ ಭೂಮಿಯ ತೂಕಕ್ಕೆ ಕೈ ಹಾಕಿದ. ನೂರೈವತ್ತು ಕೆ.ಜಿ.ಗೂ ಜಾಸ್ತಿ ಇರುವ ಎರಡು ಸೀಸದ ಗುಂಡು, ಎರಡು ಪುಟ್ಟ ಗುಂಡು, ತಂತಿಯಲ್ಲಿ ನೇತುಹಾಕಿದ ಒಂದು ಅಡ್ಡಕೋಲು. ದೊಡ್ಡ ಗುಂಡು ಸಣ್ಣ ಗುಂಡನ್ನು ಎಳೆದಾಗ ಕೋಲು ಕೂದಲೆಳೆಯಷ್ಟು ತಿರುಗುತ್ತದೆ. ತನ್ನ ಮೈಯ ಬಿಸಿಗೆ ಗಾಳಿ ಕದಲಿ ಲೆಕ್ಕ ಕೆಟ್ಟೀತು ಅಂತ ಅವನು ಕೋಣೆಯೊಳಗೇ ಹೋಗಲಿಲ್ಲ. ಹೊರಗೆ ನಿಂತು ದೂರದರ್ಶಕದಲ್ಲಿ ನೋಡಿದ. ನಮ್ಮ ಕಸುಬಿನವರು ಅವನಿಗೆ ಕೈ ಮುಗಿಯಬೇಕು. ಸಿಕ್ಕ ಉತ್ತರ: ಭೂಮಿ ಒಟ್ಟಾರೆ ನೀರಿಗಿಂತ ಸುಮಾರು ಐದೂವರೆ ಪಟ್ಟು ಸಾಂದ್ರ. ಮೇಲೆ ಸಿಗುವ ಸಾಮಾನ್ಯ ಬಂಡೆ ಎರಡೂಮುಕ್ಕಾಲು ಪಟ್ಟಿನ ಆಸುಪಾಸು. ಅಂದರೆ ಒಳಗೆ ಟೊಳ್ಳಲ್ಲ, ಇನ್ನೂ ಗಟ್ಟಿ. ಮನುಷ್ಯ ಕೊರೆದ ಅತಿ ಆಳದ ಬಾವಿ, ರಷ್ಯಾದ ಕೋಲಾದ್ದು, 12,262 ಮೀಟರಿಗೆ ನಿಂತಿತು. ಒಳಗೆ ಇಳಿಯದೆಯೇ ನಮಗೆ ಒಳಗಿನದು ಗೊತ್ತು, ಯಾಕೆಂದರೆ ಒಳಗಿನ ಭಾರ ಹೊರಗೆ ತಾಗುತ್ತದೆ. ಕಥೆಯ ಗ್ರಹದಲ್ಲಿ ತಾಗುವುದು ಗ್ರಹದಷ್ಟೇ.

ಹಾಗಾದರೆ ಹೊರಗೆ ಚಿಕ್ಕದು, ಒಳಗೆ ದೊಡ್ಡದು ಅನ್ನುವುದೇ ಸುಳ್ಳಾ? ಅದನ್ನು ನಾನು ಹೇಳುತ್ತಿಲ್ಲ. ಐನ್‌ಸ್ಟೈನರ 1915ರ ಸಿದ್ಧಾಂತದ ಪ್ರಕಾರ ನಮ್ಮ ಭೂಮಿಯೂ ಒಳಗೆ ಒಂದು ಚಿಟಿಕೆ ದೊಡ್ಡದೇ. ಮೇಲ್ಮೈ ವಿಸ್ತೀರ್ಣ ಅಳೆದು ಶಾಲೆಯ ಸೂತ್ರದಲ್ಲಿ ತ್ರಿಜ್ಯ ಲೆಕ್ಕ ಹಾಕಿ. ಆಮೇಲೆ ನಡುಮಧ್ಯದ ತನಕ ಟೇಪು ಇಳಿಸಿ. ಟೇಪು ಸುಮಾರು ಒಂದೂವರೆ ಮಿಲಿಮೀಟರ್ ಜಾಸ್ತಿ ತೋರಿಸಬೇಕು. ಸೂರ್ಯನಿಗಾದರೆ ಸುಮಾರು ಅರ್ಧ ಕಿ.ಮೀ. ಇದು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಜಾನ್ ವೀಲರ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಇನ್ನೂ ದೊಡ್ಡದನ್ನು ತೋರಿಸಿದರು. ಬಾಟಲಿಗೆ ಇರುವಂಥ ಸಣ್ಣ ಕತ್ತಿನ ಆಚೆ ಒಂದು ಬ್ರಹ್ಮಾಂಡವೇ ಇರಬಹುದು, ಹೊರಗಿನಿಂದ ಅದು ಒಂದು ಪುಟ್ಟ ಕಪ್ಪುಕುಳಿಯ ಹಾಗೆ ಕಾಣುತ್ತದೆ. ಅದಕ್ಕೆ ಚಿನ್ನದ ಚೀಲ ಅಂತ ಹೆಸರು. ಗಣಿತ ಅದಕ್ಕೆ ಅಡ್ಡಿ ಮಾಡುವುದಿಲ್ಲ ಅಷ್ಟೇ, ನಿಜವಾಗಿ ಎಲ್ಲೋ ಇದೆ ಅಂತಲ್ಲ. ನಮ್ಮ ಜಗಳಕ್ಕೆ ಬೇಕಾದ ಸಂಗತಿ ಒಂದೇ. ಆ ಚೀಲದೊಳಗೆ ಎಷ್ಟೇ ಇರಲಿ, ಹೊರಗಿನವನಿಗೆ ತಾಗುವ ತೂಕ ಕತ್ತಿನ ಈಚೆ ಕಾಣುವಷ್ಟೇ. ಒಳಗೆ ಕೋಟಿ ನಕ್ಷತ್ರ ಇದ್ದೂ ಚೀಲ ಹಗುರವಾಗಿರಬಹುದು.

ಇಷ್ಟು ದೂರ ಹೋಗುವುದೂ ಬೇಡ. ನಮಗೆಲ್ಲ ಗೊತ್ತಿರುವ ಯಶೋದೆಯನ್ನೇ ನೋಡಿ. ಮಣ್ಣು ತಿಂದೆಯಾ, ಬಾಯಿ ತೆಗಿ ಅಂದಳು. ಬಾಯೊಳಗೆ ಆಕಾಶ, ದಿಕ್ಕುಗಳು, ಬೆಟ್ಟ, ಸಮುದ್ರ, ಕೊನೆಗೆ ಗೋಕುಲ, ಅದರಲ್ಲಿ ತಾನೂ ಕಂಡಳು. ಅದೇ ಮಗುವನ್ನು ಅವಳು ದಿನವೂ ಸೊಂಟದ ಮೇಲೆ ಹೊತ್ತು ತಿರುಗಿದವಳು. ನಿಮ್ಮ ಪಟ್ಟಿಯ ಲೆಕ್ಕದಲ್ಲಿ ಯಶೋದೆಗೆ ಸಿಗಬೇಕಾದ ಅಂಕ ಎಷ್ಟು? ಹದಿನಾಲ್ಕು ಲೋಕ ಎತ್ತಿದವಳು ಅಂತ ಯಾವ ಹರಿಕಥೆ ದಾಸರೂ ಹೇಳಿದ್ದನ್ನು ನಾನು ಕೇಳಿಲ್ಲ. ಇದು ಅವಳಿಗೆ ಅನ್ಯಾಯವೂ ಅಲ್ಲ.

ಅದೇ ಕಥೆಯಲ್ಲಿ ಇನ್ನೊಂದು ಪ್ರಸಂಗ ಇದೆ. ನನ್ನ ಮಟ್ಟಿಗೆ ಇಡೀ ವಾದಕ್ಕೆ ಅದೇ ಕೀಲಿ. ತೃಣಾವರ್ತ ಬರುವ ಮುಂಚೆ ಮಗು ತೊಡೆ ಮೇಲೆ ಕೂತಿರುತ್ತದೆ. ಇದ್ದಕ್ಕಿದ್ದಂತೆ ಬೆಟ್ಟದ ಹಾಗೆ ಭಾರವಾಗುತ್ತದೆ. ಯಶೋದೆಗೆ ತಡೆಯಲಾಗುವುದಿಲ್ಲ, ನೆಲದ ಮೇಲೆ ಇಳಿಸಿಬಿಡುತ್ತಾಳೆ. ಆಮೇಲೆ ಸುಂಟರಗಾಳಿಯಾಗಿ ಬಂದ ರಕ್ಕಸ ಮಗುವನ್ನು ಮೇಲಕ್ಕೆ ಒಯ್ಯುತ್ತಾನೆ, ಭಾರ ತಾಳಲಾರದೆ ಮುಂದೆ ಹೋಗಲಾಗುವುದಿಲ್ಲ, ಮಗು ಕತ್ತು ಬಿಗಿಯಾಗಿ ಹಿಡಿದು ಸಾಯುತ್ತಾನೆ. ಕಥೆ ಹೇಳಿದವರು ಎಷ್ಟು ಜಾಣರು ನೋಡಿ. ಒಳಗಿನ ಲೋಕ ಯಾವಾಗಲೂ ಇತ್ತು. ಅದು ಹೊರಗೆ ತಾಗಿದಾಗ ತಾಯಿಯ ತೊಡೆಗೆ ಗೊತ್ತಾಯಿತು, ರಕ್ಕಸನ ಕತ್ತಿಗೂ ಗೊತ್ತಾಯಿತು. ತಾಗದಿದ್ದಾಗ ಅದು ಬರೀ ಮಗು. ಎಲ್ಲಿ ಭಾರ ಎಣಿಸಬೇಕು, ಎಲ್ಲಿ ಎಣಿಸಬಾರದು ಅಂತ ಕಥೆಯೇ ಗೆರೆ ಎಳೆದು ತೋರಿಸಿದೆ.

ನೆಲದೊಳಗಿನ ಲೋಕವೂ ನಮಗೆ ಹೊಸದಲ್ಲ. ಅತಲದಿಂದ ಪಾತಾಳದ ತನಕ ಏಳು. ಅಲ್ಲಿ ಸೂರ್ಯನಿಲ್ಲ, ಹಗಲು-ರಾತ್ರಿಯ ಲೆಕ್ಕವಿಲ್ಲ, ನಾಗಗಳ ಹೆಡೆಯ ಮಣಿಗಳದ್ದೇ ಬೆಳಕು. ಸುಖದಲ್ಲಿ ಸ್ವರ್ಗವನ್ನೂ ಮೀರಿಸುತ್ತವೆ ಅಂತ ವರ್ಣನೆ. ಕೆಳಗೆ ಆದಿಶೇಷ ಹೊತ್ತಿದ್ದಾನೆ, ಅವನ ಸಾವಿರ ಹೆಡೆಗಳಲ್ಲಿ ಒಂದರ ಮೇಲೆ ಭೂಮಂಡಲ ಸಾಸಿವೆ ಕಾಳಿನಂತೆ ಕಾಣುತ್ತದೆ. ಈ ಶೇಷನಿಗೆ ಮಾತ್ರ ಪೂರ್ತಿ ಅಂಕ ಕೊಡಿ, ನನ್ನ ಅಡ್ಡಿಯಿಲ್ಲ. ಹೊರುವುದೇ ಅವನ ಕೆಲಸ ಅಂತ ಕಥೆ ಬಾಯಿಬಿಟ್ಟು ಹೇಳಿದೆ. (ಫಣಿರಾಯ ತಿಣುಕಿದ್ದು ಕವಿಗಳ ಭಾರಕ್ಕೆ ಅಂತ ನಮ್ಮ ಹಳೆಯ ಕವಿ ಮಾಡಿದ ತಮಾಷೆ ಬೇರೆ ಲೆಕ್ಕ.)

ಈಗ ನಿಮ್ಮ ವೀರನ ಪುಟಕ್ಕೆ ಬರುತ್ತೇನೆ. ಅವನು ಹೆಗಲು ಕೊಟ್ಟ ಆ ಪುಟದಲ್ಲಿ ಎರಡು ಚಿತ್ರಗಳಿವೆ. ಮೇಲಿನದರಲ್ಲಿ ಗ್ರಹದ ಸಮುದ್ರ ದಡ ಮೀರಿ ಊರೊಳಗೆ ನುಗ್ಗುತ್ತಿದೆ, ಗೋಡೆಗಳು ಬಿರುಕು ಬಿಟ್ಟಿವೆ. ಕೆಳಗಿನದರಲ್ಲಿ ಒಳಲೋಕ. ಒಬ್ಬ ಮುದುಕಿ ದೀಪ ಹಚ್ಚುತ್ತಿದ್ದಾಳೆ, ಕುಡಿ ನೆಟ್ಟಗೆ ನಿಂತಿದೆ. ಅವಳಿಗೆ ಏನೂ ಗೊತ್ತಾಗಿಲ್ಲ.

ಇದನ್ನು ಮೊಮ್ಮಗಳಿಗೆ ತೋರಿಸಿದೆ. ಅವಳು ನಿಮ್ಮ ಪಟ್ಟಿಯ ಪಕ್ಷ. ‘ತಾತ, ಭೂಮಿ ಸೆಕೆಂಡಿಗೆ 30 ಕಿ.ಮೀ. ಓಡ್ತಾ ಇದೆ, ನಮ್ಮ ದೀಪ ಅಲ್ಲಾಡುತ್ತಾ?’ ಅಂದಳು. ಒಳ್ಳೇ ಪ್ರಶ್ನೆ. ಒಂದೇ ವೇಗದಲ್ಲಿ ಸಾಗುವಾಗ ಒಳಗಿದ್ದವರಿಗೆ ಗೊತ್ತಾಗುವುದಿಲ್ಲ, ಗೆಲಿಲಿಯೋ ಹೇಳಿದ್ದೇ ಅದು. ಭೂಮಿ ಸೂರ್ಯನ ಸುತ್ತ ಬಾಗುವಾಗಲೂ ನಮಗೆ ಗೊತ್ತಾಗುವುದಿಲ್ಲ, ಯಾಕೆಂದರೆ ಸೂರ್ಯನ ಸೆಳೆತ ನೆಲವನ್ನೂ ದೀಪವನ್ನೂ ನಮ್ಮನ್ನೂ ಒಟ್ಟಿಗೆ ಎಳೆಯುತ್ತದೆ. ಹೆಗಲು ಕೊಟ್ಟು ತಳ್ಳುವುದು ಹಾಗಲ್ಲ. ಒಂದು ಕಡೆ ತಳ್ಳಿದ ಬಲ ಕಲ್ಲಿನಿಂದ ಕಲ್ಲಿಗೆ ದಾಟಿಕೊಂಡು ಹೋಗಬೇಕು. ಅದು ದಾಟಿದ ಕಡೆಯೆಲ್ಲ ನಡುಕ. ಮೇಲೆ ಸಮುದ್ರ ಉಕ್ಕಿದ್ದು ಅದಕ್ಕೇ. ಆ ನಡುಕ ದೀಪದ ತನಕ ಬಂದಿಲ್ಲ ಅಂದರೆ ಬಲವೂ ಅಲ್ಲಿಗೆ ಬಂದಿಲ್ಲ. (ಹೆಗಲಿನಷ್ಟು ಜಾಗದಲ್ಲಿ ಗ್ರಹವನ್ನು ತಳ್ಳಿದರೆ ಹೆಗಲೇ ನೆಲದೊಳಗೆ ಹೂತುಹೋಗಬೇಕು. ಅದನ್ನು ಕಥೆಗೆ ಬಿಟ್ಟುಬಿಡೋಣ.) ಮೊಮ್ಮಗಳು ಪೂರ್ತಿ ಒಪ್ಪಲಿಲ್ಲ. ಚಿತ್ರಕಾರನಿಗೆ ಇಷ್ಟೆಲ್ಲ ತಲೆಗೆ ಬಂದಿರುತ್ತಾ ಅಂದಳು. ಬಂದಿರಲಿಕ್ಕಿಲ್ಲ. ಆದರೂ ನಮಗೆ ಸಿಕ್ಕಿರುವುದು ಅವನು ಬರೆದ ಪುಟ, ಅವನ ತಲೆಯಲ್ಲ.

ಒಡೆಯುವ ವೀರರ ವಿಷಯದಲ್ಲೂ ಇದೇ ಗೊಂದಲ ಇದೆ. ಮೂರನೇ ಸ್ಥಾನದ ಖಳ ಇಂಥದ್ದೇ ಗ್ರಹವನ್ನು ಒಂದೇ ಏಟಿಗೆ ಪುಡಿ ಮಾಡುತ್ತಾನೆ. ಅವನಿಗೂ ಒಳಲೋಕದ ಅಂಕ ಸೇರಿಸಿದ್ದೀರಿ. ಭೂಮಿಯಂಥ ಗ್ರಹದ ಚೂರುಗಳು ಮತ್ತೆ ಕೂಡದ ಹಾಗೆ ಚದುರಿಸಲು ಬೇಕಾಗುವ ಶಕ್ತಿಯೇ ಭಯಂಕರ. 2ರ ಮುಂದೆ 32 ಸೊನ್ನೆ ಹಾಕಿದರೆ ಎಷ್ಟೋ, ಅಷ್ಟಕ್ಕಿಂತ ಸ್ವಲ್ಪ ಜಾಸ್ತಿ ಜೂಲ್. ಸೂರ್ಯ ಎಲ್ಲ ದಿಕ್ಕಿಗೂ ಚೆಲ್ಲುವ ಶಕ್ತಿಯನ್ನು ಒಂದು ವಾರ ಒಂದು ಕಿರಣವೂ ಬಿಡದೆ ಕೂಡಿಟ್ಟರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. 6.6 ಕೋಟಿ ವರ್ಷದ ಹಿಂದೆ ಡೈನೋಸಾರ್‌ಗಳ ಕಾಲ ಮುಗಿಸಿದ ಬಂಡೆ ಸುಮಾರು 10 ಕಿ.ಮೀ. ಅಗಲದ್ದು, ಈಗಿನ ಮೆಕ್ಸಿಕೋದ ಬಳಿ ಬಿದ್ದು 180 ಕಿ.ಮೀ.ನಷ್ಟು ಕುಳಿ ಮಾಡಿತು. ಭೂಮಿಯ ಲೆಕ್ಕದಲ್ಲಿ ಅದು ತರಚುಗಾಯ. ಬರೀ ಸೀಳಿದರೂ ಸಾಲದು, ಗುರುತ್ವ ಮತ್ತೆ ಕೂಡಿಸಿಬಿಡುತ್ತದೆ. ಸುಮಾರು 450 ಕೋಟಿ ವರ್ಷದ ಹಿಂದೆ ಮಂಗಳ ಗ್ರಹದಷ್ಟು ದೊಡ್ಡದೊಂದು ಬಂದು ಎಳೆಯ ಭೂಮಿಗೆ ಗುದ್ದಿತು, ಸಿಡಿದ ಚೂರುಗಳಿಂದ ಚಂದ್ರ ಆದ ಅನ್ನುವುದು ಹೆಚ್ಚಿನ ವಿಜ್ಞಾನಿಗಳು ಒಪ್ಪುವ ವಿವರಣೆ. ಭೂಮಿ ಇನ್ನೂ ಇದೆ ಅಲ್ವಾ.

ಖಳ ಅಷ್ಟು ಮಾಡಿದ, ಒಪ್ಪಿದೆ. ಗ್ರಹ ಹೋದ ಮೇಲೆ ಒಳಲೋಕ ಏನಾಯಿತು? ಕಥೆಯಲ್ಲಿ ಅದರ ಬಾಗಿಲು ಮುಚ್ಚಿತು ಅಂತ ಮಾತ್ರ ಇದೆ. ಬಾಗಿಲು ಒಡೆದವನಿಗೆ ಬಾಗಿಲಿನ ಅಂಕ. ಒಳಲೋಕವೂ ನಾಶವಾಯಿತು ಅಂತಿದ್ದರೂ ನಾನು ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ: ಅವನ ಏಟು ನಕ್ಷತ್ರಗಳ ತನಕ ಹೋಗಿ ಒಡೆಯಿತೇ, ಇಲ್ಲಾ ಆಧಾರ ತಪ್ಪಿ ಅವೇ ಕುಸಿದವೇ? ಎರಡಕ್ಕೂ ಒಂದೇ ಅಂಕ ಹೇಗಾಗುತ್ತದೆ? ಇನ್ನು ಖಳ ತಾನೇ ‘ನಾನು ಬ್ರಹ್ಮಾಂಡವನ್ನೇ ಪುಡಿ ಮಾಡಿದೆ’ ಅಂತ ಕೂಗಿದ್ದನ್ನು ಸಾಕ್ಷಿ ಅಂತ ಹಾಕಿದ್ದೀರಿ. ಖಳರು ಹಾಗೆ ಕೂಗುವವರೇ. ಸರಕು ತಂದವನು ಹೇಳಿದ ತೂಕ ನೋಡಿ ಮುದ್ರೆ ಹಾಕಿದ್ದರೆ ನನ್ನ ಕೆಲಸ ಉಳಿಯುತ್ತಿರಲಿಲ್ಲ.

ಕೊನೆಗೆ ಹುಡುಗಿಯ ವಿಷಯ. ಈ ಕಾಗದ ಬರೆಯಲು ನಿಜವಾದ ಕಾರಣ ಅವಳೇ. ಅವಳು ಹುಟ್ಟಿದ್ದು ಒಳಲೋಕದಲ್ಲಿ. ಅಲ್ಲಿ ಎರಡು ನಕ್ಷತ್ರಗಳು ಡಿಕ್ಕಿ ಹೊಡೆಯಲು ಬಂದಾಗ ನಡುವೆ ನಿಂತು ಒಂದನ್ನು ಎರಡೂ ಕೈಯಿಂದ ತಡೆಯುತ್ತಾಳೆ. ಅಂಗೈ ಸುಟ್ಟು ಕಪ್ಪಾಗಿದ್ದು, ಹಿಮ್ಮಡಿ ಹಿಂದಕ್ಕೆ ಜಾರುವುದು, ಹಿಂದಿನ ನಕ್ಷತ್ರದ ಬೆಂಕಿ ಅವಳ ಜಡೆಗೆ ಹತ್ತುವುದು ಎಲ್ಲ ಇದೆ. ಭಾರ ತಾಗಿದೆ ಅನ್ನುವುದರಲ್ಲಿ ಸಂಶಯವೇ ಇಲ್ಲ. ಅವಳಿಗೆ ನೀವು ಕೊಟ್ಟದ್ದು ಆರನೇ ಸ್ಥಾನ. ಕಾರಣ: ಗ್ರಹದ ಒಳಗಿರುವ ನಕ್ಷತ್ರ ಗ್ರಹಕ್ಕಿಂತ ಚಿಕ್ಕದೇ ಇರಬೇಕು.

ಇದೆಂಥ ನ್ಯಾಯ ಸ್ವಾಮಿ? ವೀರನಿಗೆ ಅಂಕ ಹಾಕುವಾಗ ಒಳಲೋಕ ಗ್ಯಾಲಕ್ಸಿಯಷ್ಟು ದೊಡ್ಡದು. ಹುಡುಗಿಗೆ ಹಾಕುವಾಗ ಅದೇ ಲೋಕ ಗ್ರಹಕ್ಕಿಂತ ಚಿಕ್ಕದು. ಕೊಳ್ಳುವುದಕ್ಕೊಂದು ತೂಕದ ಬಟ್ಟು, ಮಾರುವುದಕ್ಕೊಂದು ತೂಕದ ಬಟ್ಟು ಇಟ್ಟುಕೊಂಡವರನ್ನು ನಾನು ಹಿಡಿದಿದ್ದೇನೆ.

ಒಳಗಿನ ನಕ್ಷತ್ರಗಳು ನಿಜವಾಗಲೂ ನಕ್ಷತ್ರದಷ್ಟು ದೊಡ್ಡವೇ ಅನ್ನುವುದು ಕೇಳಲೇಬೇಕಾದ ಪ್ರಶ್ನೆ. ಒಳಗೆ ಹೋದವರೆಲ್ಲ ಕುಗ್ಗುವುದಾದರೆ ಗೋಲಿಯಷ್ಟು ಬೆಂಕಿಯೂ ಸೂರ್ಯನ ಹಾಗೆ ಕಂಡೀತು. ಇದನ್ನು ಅಳೆಯಲು ಹೊರಗಿನ ಒಂದು ಮಾನದಂಡ ಒಳಗೆ ಹೋಗಬೇಕು. ಕೋಲು ಒಯ್ದರೆ ಕೋಲೂ ಕುಗ್ಗಬಹುದು. ಬೆಳಕು ಒಳ್ಳೆಯದು. 1983ರಿಂದ ಮೀಟರನ್ನೇ ಬೆಳಕಿನಿಂದ ಹೇಳುತ್ತಾರೆ: ಬೆಳಕು ಸೆಕೆಂಡಿನ 29,97,92,458ನೇ ಒಂದು ಭಾಗದಲ್ಲಿ ಹೋಗುವ ದೂರ. ಕಿಲೋಗ್ರಾಂ ಕೂಡ 2019ರಿಂದ ಪ್ಯಾರಿಸ್ ಬಳಿಯ ಲೋಹದ ತುಂಡನ್ನು ನಂಬಿಕೊಂಡಿಲ್ಲ. ಕಥೆಯಲ್ಲಿ ಹೊರಗಿನ ಯಾತ್ರಿಕನೊಬ್ಬ ಗಡಿಯಾರ ಕಟ್ಟಿಕೊಂಡೇ ಒಳಗೆ ಹೋಗುತ್ತಾನೆ. ಅಲ್ಲಿನ ಸೂರ್ಯನಿಂದ ಬೆಳಕು ನೆಲಕ್ಕೆ ಬರಲು ಎಂಟು ನಿಮಿಷ ಚಿಲ್ಲರೆ ಅಂತ ಬರೆದುಕೊಳ್ಳುತ್ತಾನೆ. ನಮ್ಮ ಸೂರ್ಯನಿಗೂ ಅಷ್ಟೇ. ಒಳಗೆ ಗಡಿಯಾರವೇ ಬೇರೆ ವೇಗದಲ್ಲಿ ಓಡಿದರೆ? ಬಲರಾಮನ ಹೆಂಡತಿ ರೇವತಿಯ ಅಪ್ಪ ಬ್ರಹ್ಮಲೋಕದಲ್ಲಿ ಹಾಡು ಕೇಳಿ ವಾಪಸು ಬರುವಷ್ಟರಲ್ಲಿ ಇಲ್ಲಿ 27 ಚತುರ್ಯುಗ ಕಳೆದಿತ್ತು. ಆದರೆ ಈ ಯಾತ್ರಿಕ ಹೊರಗೆ ಬಂದಾಗ ಅವನ ಗಡಿಯಾರವೂ ಬಾಗಿಲಲ್ಲಿ ಕಾಯುತ್ತಿದ್ದವನ ಗಡಿಯಾರವೂ ಒಂದೇ ಹೊತ್ತು ತೋರಿಸುತ್ತವೆ. ಅದೂ ಪುಟದಲ್ಲಿದೆ. ಹಾಗಾಗಿ ಅವಳು ತಡೆದದ್ದು ಗೋಲಿಯಲ್ಲ, ಸೂರ್ಯನಂಥದ್ದನ್ನೇ. ಒಂದು ಸೂರ್ಯ ಅಂದರೆ ಎಷ್ಟು ಭೂಮಿ ಅಂತ ಮೇಲೆ ಬರೆದಿದ್ದೇನೆ.

ವೀರನ ಮೇಲೆ ನನಗೆ ದ್ವೇಷವಿಲ್ಲ. ಗ್ರಹ ಸರಿಸುವುದು ಸಣ್ಣ ಕೆಲಸವೇ? 6ರ ಮುಂದೆ 24 ಸೊನ್ನೆ ಹಾಕಿದಷ್ಟು ಕೆ.ಜಿ. ಅವನಿಗೆ ಅಷ್ಟಕ್ಕೆ ಸಲ್ಲುವ ಅಂಕ ಕೊಡಿ, ಹುಡುಗಿಯನ್ನು ಅವನಿಗಿಂತ ಮೇಲೆ ಕೂರಿಸಿ, ಖಳನಿಗೆ ಸೇರಿಸಿರುವ ಒಳಲೋಕದ ಅಂಕ ಕಳೆಯಿರಿ. ಮುಂದಿನ ಸಲ ಪಟ್ಟಿ ಹಾಕುವಾಗ ಪ್ರತಿ ಹೆಸರಿನ ಪಕ್ಕ ಬಲ ಯಾವುದಕ್ಕೆ ತಾಗಿತು, ಅದು ಯಾವ ಪುಟದಲ್ಲಿ ಕಾಣುತ್ತದೆ ಅಂತ ಒಂದು ಸಾಲು ಹಾಕಿದರೆ ಓದುಗರೇ ತಾಳೆ ನೋಡಬಹುದು. ಕಥೆ ಇನ್ನೂ ಮುಗಿದಿಲ್ಲವಂತೆ. ಮುಂದಿನ ಕಂತಿನಲ್ಲಿ ಅವನು ಮತ್ತೆ ಹೆಗಲು ಕೊಟ್ಟು, ಈ ಸಲ ಮುದುಕಿಯ ದೀಪ ಅಲ್ಲಾಡಿದರೆ ಬರೆದು ತಿಳಿಸಿ. ಲೆಕ್ಕ ಮೊದಲಿನಿಂದ ಹಾಕೋಣ.

ಇಂತಿ ನಿಮ್ಮ ಓದುಗ,
ನಿವೃತ್ತ ತೂಕ-ಅಳತೆ ಪರೀಕ್ಷಕ